ತುಡುವೆ ಜೇನಿನ ತಳಿಯನ್ನು ಊರಿನಲ್ಲಿಯೇ ಉತ್ತಮಪಡಿಸುವ ಕ್ರಮ

ಹೋರಿಯನ್ನು ಆರಿಸದೆ ಹಸುವನ್ನು ಮಾತ್ರ ಆರಿಸಿದರೆ ಒಳ್ಳೆಯ ಕರುಗಳು ದೊರೆಯಲಾರವೆಂಬುದು ರೈತರೆಲ್ಲರಿಗೂ ತಿಳಿದ ಸಂಗತಿಯಾಗಿದೆ. ಜೇನಿಗೂ ಈ ನಿಯಮವು ಸಲ್ಲುತ್ತದೆ. ಆದರೆ ತುಡುವೆಯನ್ನು ಪೆಟ್ಟಿಗೆಗಳಲ್ಲಿ ಸಾಕುವವರಲ್ಲಿ ಅನೇಕರು ತಾನಾಗಿ ಪಾಲಾದ ಕುಟುಂಬವನ್ನು, ಅದು ಎಂತಹುದೇ ಆಗಿರಲಿ, ಹಿಡಿದು ತುಂಬುತ್ತಾರೆ. ಇದರಿಂದ ಪದೇಪದೇ ಪಾಲಾಗುವ, ಜೇನನ್ನು ಕಡಿಮೆ ಕೂಡಿಡುವ ತಳಿಯೇ ಊರಿನಲ್ಲಿ ಹೆಚ್ಚುತ್ತದೆ.

ಸ್ಥಳದ ತಳಿಯ ಬೆಲೆ.— ೧೯೯೧ನೆಯ ಇಸವಿಯ ಸುಮಾರಿಗೆ ದಕ್ಷಿಣ ಭಾರತದಲ್ಲಿ ಹಬ್ಬಿದ ಥಾಯಿ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದುವು. ಈ ರೋಗದಲ್ಲಿ ಮರಿಹುಳುಗಳು ಕಣಗಳಲ್ಲಿಯೇ ಸತ್ತು, ನೀರು ತುಂಬಿದ ಚೀಲದಂತಾಗುವುವು. ಇದನ್ನು ಗುಣಪಡಿಸುವ ಔಷಧವಿಲ್ಲ. ರೋಗವನ್ನು ತಾಳಿ ಉಳಿದ ಕುಟುಂಬಗಳಿಂದಲೇ ಜೇನು ಸಾಕಣೆಯು ಪುನಃ ಚೇತರಿಸಿಕೊಂಡಿತು. ಆದುದರಿಂದ ದೂರದ ಸೀಮೆಯಿಂದ ಕುಟುಂಬಗಳನ್ನು ತರಿಸುವುದಕ್ಕಿಂತ, ಊರಿನಲ್ಲಿ ತಾಳಿಕೊಂಡಿರುವುವನ್ನು ಆರಿಸಿ ಹೆಚ್ಚಿಸುವುದೇ ಕ್ಷೇಮಕರವು.

ಸಂತಾನದ ನಿಯಮ.— ಕನ್ಯಾರಾಣಿಯು ಆಕಾಶದಲ್ಲಿ ಹಾರುತ್ತಾ, ನೆರೆಯವರ ಪೆಟ್ಟಿಗೆಗಳಿಂದಲೂ ಮರದ ಪೊಟರೆಗಳಿಂದಲೂ ಬಂದ ಹತ್ತಾರು ಗಂಡುಜೇನುಗಳೊಡನೆ ಕೂಡುತ್ತದೆ. ಗಂಡುಜೇನು ಫಲಿತವಾಗದ ಮೊಟ್ಟೆಯಿಂದ ಹುಟ್ಟುವುದರಿಂದ ಅದಕ್ಕೆ ತಾಯಿಯ ಗುಣವಲ್ಲದೆ ತಂದೆಯ ಗುಣವು ಬಾರದು. ಹೀಗಾಗಿ ಒಳ್ಳೆಯ ರಾಣಿಯ ಗಂಡುಜೇನುಗಳು ಊರಿಗೆಲ್ಲಾ ಉಪಕಾರಿಗಳು. ಕೀಳು ರಾಣಿಯವು ಊರಿಗೆಲ್ಲಾ ನಷ್ಟಕರಗಳು.

ಮಾಡತಕ್ಕ ಕೆಲಸಗಳು.—

(೧) ಪ್ರತಿ ಪೆಟ್ಟಿಗೆಗೂ ಸಂಖ್ಯೆಯನ್ನು ಹಾಕಿ, ಜೇನಿನ ತೂಕ, ಪಾಲಾದ ದಿನ, ರೋಗ, ಹುಳುಗಳ ಸ್ವಭಾವ ಇವುಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಒಂದೇ ವರ್ಷದ ಫಲವನ್ನು ನಂಬಲಾಗದು. ಎರಡು ಮೂರು ವರ್ಷ ನೋಡಬೇಕು.

(೨) ಉತ್ತಮ ಕುಟುಂಬಗಳಲ್ಲಿ ಗಂಡುಮರಿಯ ಎರಿಯನ್ನು ಉಳಿಸಿ, ಕೀಳಾದುವುಗಳಲ್ಲಿ ಕತ್ತರಿಸಿ ತೆಗೆಯಬೇಕು. ಗಂಡುಮರಿಯ ಕಣದ ಮುಚ್ಚಳವು ಉಬ್ಬಿ, ನಡುವೆ ಸಣ್ಣ ರಂಧ್ರವುಳ್ಳುದಾಗಿರುವುದರಿಂದ ಗುರುತಿಸುವುದು ಸುಲಭ. ಗಂಡುಜೇನು ಹೊರಬರಲು ಸುಮಾರು ೨೪ ದಿನಗಳೂ, ರಾಣಿಗೆ ಸುಮಾರು ೧೬ ದಿನಗಳೂ ಬೇಕಾಗುವುದರಿಂದ ಈ ಕೆಲಸವನ್ನು ಮೊದಲೇ ಆರಂಭಿಸತಕ್ಕದ್ದು.

(೩) ಪಾಲಾಗುವ ಕಾಲದಲ್ಲಿ ಉತ್ತಮ ಕುಟುಂಬದ ಎರಿಯ ಕೆಳಅಂಚಿನಲ್ಲಿ ಕಟ್ಟಿದ ರಾಣಿಕಣವನ್ನು, ಅದರ ತುದಿಯು ಕಂದುಬಣ್ಣಕ್ಕೆ ತಿರುಗಿದಾಗ, ಸ್ವಲ್ಪ ಎರಿಯೊಡನೆ ಕೊಯ್ದು, ಹಿಂದಿನ ದಿನವೇ ರಾಣಿಯನ್ನು ತೆಗೆದಿಟ್ಟ ಕೀಳು ಕುಟುಂಬಕ್ಕೆ ಕೂಡಿಸಬಹುದು. ಕಣವನ್ನು ಅಲುಗಿಸಬಾರದು, ತಲೆಕೆಳಗೆ ಮಾಡಲೂ ಬಾರದು. ಆ ಕುಟುಂಬವು ತಾನೇ ಕಟ್ಟಿಕೊಂಡ ರಾಣಿಕಣಗಳನ್ನು ಕಿತ್ತುಹಾಕಬೇಕು.

(೪) ಎಲ್ಲ ರಾಣಿಗಳನ್ನೂ ಒಂದೇ ಕುಟುಂಬದಿಂದ ಪಡೆಯಬಾರದು. ರಕ್ತಸಂಬಂಧವು ತೀರ ಹತ್ತಿರವಾದರೆ ಮರಿಗಳು ನಷ್ಟವಾಗಿ ಎರಿಯಲ್ಲಿ ಬರಿದಾದ ಕಣಗಳು ಹೆಚ್ಚುವುವು.

(೫) ರೋಗವು ತೋರಿದ ಪೆಟ್ಟಿಗೆಯ ಎರಿಯನ್ನಾಗಲಿ ರಾಣಿಕಣವನ್ನಾಗಲಿ ಬೇರೆ ಪೆಟ್ಟಿಗೆಗೆ ಕೊಡಲೇಬಾರದು.

ಮುಖಂಡರ ಕರ್ತವ್ಯ.— ಒಬ್ಬನು ಎಷ್ಟೇ ಎಚ್ಚರದಿಂದ ರಾಣಿಯನ್ನು ಆರಿಸಿದರೂ, ನೆರೆಯವನ ಕೀಳು ಗಂಡುಜೇನುಗಳು ಆ ಶ್ರಮವನ್ನು ಅರ್ಧಕ್ಕೆ ಇಳಿಸುವುವು. ಆದಕಾರಣ ಗ್ರಾಮದ ಮುಖಂಡರು ಜೇನು ಸಾಕುವವರನ್ನೆಲ್ಲಾ ವರ್ಷಕ್ಕೊಮ್ಮೆ ಸೇರಿಸಿ, ಎಲ್ಲರ ಪುಸ್ತಕಗಳನ್ನೂ ಹೋಲಿಸಿ, ಊರಿಗೆ ಉತ್ತಮವಾದ ಐದಾರು ಕುಟುಂಬಗಳನ್ನು ಗೊತ್ತುಮಾಡುವುದು ಯುಕ್ತವು. ಆ ಕುಟುಂಬಗಳ ರಾಣಿಕಣಗಳನ್ನು ಪರಸ್ಪರ ಹಂಚಿಕೊಳ್ಳತಕ್ಕದ್ದು. ಇದಕ್ಕೆ ಹಣದ ವೆಚ್ಚವು ಹೆಚ್ಚೇನೂ ಇಲ್ಲ, ಒಮ್ಮತವೊಂದೇ ಬೇಕಾದುದು.