ಹೊಸದರಂತಿದ್ದ ಬೂಟಿನ ಅಟ್ಟೆ ಕಳಚುವುದೇಕೆ?

ಹಿಮಾಲಯದ ಚಾರಣದ ಎರಡನೆಯ ದಿನವೋ ಮೂರನೆಯ ದಿನವೋ ಗುಂಪಿನಲ್ಲಿ ಯಾರಾದರೊಬ್ಬರು ಬೂಟಿನ ಅಟ್ಟೆಯನ್ನು ಕೈಯಲ್ಲಿ ಹಿಡಿದು ನಿಲ್ಲುವುದು ಅಪರೂಪವೇನಲ್ಲ. ವಿಚಿತ್ರವೆಂದರೆ ಹಾಗೆ ಕೈಕೊಡುವ ಬೂಟು ಎಷ್ಟೋ ಸಲ ಸವೆದದ್ದೇ ಆಗಿರುವುದಿಲ್ಲ. ಮೇಲಿನ ಚರ್ಮ ಹೊಳೆಯುತ್ತಿರುತ್ತದೆ, ಅಡಿಯ ರಬ್ಬರಿನ ಹಲ್ಲುಗಳು ಚೂಪಾಗಿಯೇ ಇರುತ್ತವೆ. ಏಳೆಂಟು ವರ್ಷದ ಹಿಂದೆ ಒಳ್ಳೆಯ ಬೆಲೆ ಕೊಟ್ಟು ತಂದು, ಒಂದೆರಡು ಬೆಟ್ಟ ಹತ್ತಿ, ಮುಂದೆ ಬೇಕಾಗುತ್ತದೆಂದು ಜೋಪಾನವಾಗಿ ಅಟ್ಟಕ್ಕೆ ಏರಿಸಿದ ಜೋಡಿ ಅದು. ಆ ಜೋಪಾನವೇ ಅದನ್ನು ಕೊಂದಿರುತ್ತದೆ. ಚಾರಣದ ಬೂಟು ಎಷ್ಟು ಬಾಳುತ್ತದೆ ಎಂಬುದು ನಡೆದ ದೂರದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಯಾವ ನೊರೆಯಿಂದ ಮಾಡಿದೆ, ಎಷ್ಟು ವರ್ಷವಾಯಿತು, ಎಂಥ ಗಾಳಿಯಲ್ಲಿ ಇಟ್ಟಿದ್ದರು ಎಂಬುದರಿಂದಲೂ ಆಗುತ್ತದೆ.

ಬೂಟಿನ ತಳ ಒಂದೇ ತುಂಡಿನದಲ್ಲ. ನೆಲಕ್ಕೆ ತಾಗುವುದು ರಬ್ಬರಿನ ಹೊರ ಅಟ್ಟೆ. ಪಾದ ಊರುವ ಕಡೆ ಇರುವುದು ತೆಗೆದು ಹಾಕಬಹುದಾದ ಮೆತ್ತೆ, ಅದರಡಿ ಗಡುಸಾದ ಹಲಗೆ. ಹೊರ ಅಟ್ಟೆಗೂ ಈ ಹಲಗೆಗೂ ನಡುವೆ, ಹಿಮ್ಮಡಿಯ ಕಡೆ ಹೆಚ್ಚುಕಡಿಮೆ ಒಂದು ಅಂಗುಲ ದಪ್ಪಕ್ಕೆ, ನೊರೆಯಂತೆ ಉಬ್ಬಿಸಿದ ಪ್ಲಾಸ್ಟಿಕ್ಕಿನ ಪದರವಿರುತ್ತದೆ. ಅದು ಮಿಡ್‌ಸೋಲ್. ಮೈಭಾರ, ಬೆನ್ನಿನ ಚೀಲದ ಭಾರ, ಇಳಿಜಾರಿನ ಪೆಟ್ಟು ಎಲ್ಲವನ್ನೂ ನುಂಗುವುದು ಅದೇ. ಅಂಗಡಿಯಲ್ಲಿ ಯಾರೂ ಅದರ ಬಗ್ಗೆ ಕೇಳುವುದಿಲ್ಲ.

ಭಾರಿ ಬೂಟುಗಳಲ್ಲಿ ಈ ಪದರವನ್ನು ಪಾಲಿಯುರೆಥೇನ್‌ನಿಂದ, ಅಂದರೆ ಪಿಯು ನೊರೆಯಿಂದ ಮಾಡುತ್ತಾರೆ. ಎಷ್ಟು ಭಾರ ಹೊತ್ತರೂ ಅದು ಬೇಗ ಚಪ್ಪಟೆಯಾಗುವುದಿಲ್ಲ, ಕಲ್ಲಿನ ಚೂಪು ಪಾದಕ್ಕೆ ತಟ್ಟಲು ಬಿಡುವುದಿಲ್ಲ. ಆದರೆ ಅದರಲ್ಲಿ ಹೆಚ್ಚು ಬಳಕೆಯ ಎಸ್ಟರ್ ಬಗೆಗೆ ಒಂದು ಹುಟ್ಟುದೋಷವಿದೆ. ಗಾಳಿಯಲ್ಲಿರುವ ತೇವ ನೊರೆಯೊಳಗೆ ಇಳಿದು, ಅದರ ಉದ್ದನೆಯ ಅಣುಸರಪಳಿಗಳನ್ನು ಎಸ್ಟರ್ ಕೊಂಡಿಗಳ ಬಳಿ ಕತ್ತರಿಸುತ್ತಾ ಹೋಗುತ್ತದೆ. ಹೈಡ್ರಾಲಿಸಿಸ್ ಎನ್ನುವುದು ಇದನ್ನೇ. ಹೀಗೆ ಕತ್ತರಿಸಿದ ಕಡೆ ಆಮ್ಲ ಹುಟ್ಟುತ್ತದೆ, ಆ ಆಮ್ಲ ಮುಂದಿನ ಕತ್ತರಿಸುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಹಾಗಾಗಿ ವರ್ಷಗಟ್ಟಲೆ ಏನೂ ಆಗದಂತೆ ಕಂಡ ಬೂಟು ಕೊನೆಯಲ್ಲಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಒತ್ತಿದರೆ ನೊರೆ ಒಣಗಿದ ಕೇಕಿನಂತೆ ಉದುರುತ್ತದೆ. ಈಥರ್ ಬಗೆಯ ಪಿಯು ನೀರಿಗೆ ಹೆಚ್ಚು ಬಾಳುತ್ತದೆ. ಆದರೆ ಹರಿಯದೆ, ಸವೆಯದೆ ನಿಲ್ಲುವ ಗುಣ ಎಸ್ಟರ್‌ನಲ್ಲಿ ಹೆಚ್ಚು, ಅದಕ್ಕೇ ತಯಾರಕರು ಅದನ್ನು ಬಿಡುವುದಿಲ್ಲ. ಇದು ಕಳಪೆ ಕಂಪನಿಗಳಿಗೆ ಮಾತ್ರ ಅಂಟಿದ ರೋಗವೂ ಅಲ್ಲ. ಯುರೋಪಿನ ಹೆಸರಾಂತ ಬೂಟುಗಳಿಗೂ ಬರುತ್ತದೆ, ಹಳೆಯ ಪಿಯು ವಸ್ತುಗಳನ್ನು ಕಾಪಾಡುವ ವಸ್ತುಸಂಗ್ರಹಾಲಯಗಳಿಗೂ ಇದೇ ತಲೆನೋವು.

ತಯಾರಾದ ದಿನದಿಂದ ಐದರಿಂದ ಎಂಟು ವರ್ಷ ಎಂಬುದು ಇಂಥ ಮಿಡ್‌ಸೋಲಿಗೆ ಸಾಮಾನ್ಯವಾಗಿ ಹೇಳುವ ಆಯುಸ್ಸು. ತೇವ ಮತ್ತು ಸೆಖೆ ಎರಡೂ ಸೇರಿದರೆ ಅದು ಇನ್ನೂ ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟಿಗೂ ಬೂಸ್ಟು ಬರುತ್ತದೆ. ಮಂಗಳೂರು, ಕಾರವಾರಗಳಲ್ಲಿ ಬೇಸಿಗೆಯೂ ಬೆವರಿನದೇ. ಅಂಥ ಊರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಬೂಟು ತನ್ನ ತೇವದಲ್ಲೇ ಬೇಯುತ್ತದೆ. ಆಗಾಗ ಹಾಕಿಕೊಂಡು ನಡೆಯುವ ಬೂಟು ಹೆಚ್ಚು ದಿನ ಬರುತ್ತದೆ ಎಂದು ತಯಾರಕರೇ ಹೇಳುತ್ತಾರೆ: ಪ್ರತಿ ಹೆಜ್ಜೆಗೂ ನೊರೆ ಅದುಮಿ ಬಿಡುವುದರಿಂದ ಒಳಗೆ ಸೇರಿದ ತೇವ ಹೊರಬೀಳುತ್ತದೆ.

ಹಗುರವಾದ ಚಾರಣದ ಶೂಗಳಲ್ಲಿ ಪಿಯು ಬದಲು ಇವಿಎ ಎಂಬ ನೊರೆ ಇರುತ್ತದೆ. ಅದಕ್ಕೆ ಹೈಡ್ರಾಲಿಸಿಸ್ಸಿನ ಕಾಟ ಇಲ್ಲವೆಂದೇ ಹೇಳಬಹುದು. ಅದು ಸೋಲುವುದು ನಡಿಗೆಗೆ: ಒಳಗಿನ ಗಾಳಿಗುಳ್ಳೆಗಳು ಕುಸಿದು ಮೆತ್ತಗಿನ ಗುಣ ಹೋಗುತ್ತದೆ, ಪಕ್ಕದಲ್ಲಿ ಅಡ್ಡ ಸುಕ್ಕುಗಳು ಏಳುತ್ತವೆ. ವರ್ಷಕ್ಕೊಂದೆರಡು ಸಲ ಕುದುರೆಮುಖವೋ ಕುಮಾರಪರ್ವತವೋ ಹತ್ತುವವರಿಗೆ ನನ್ನ ಸಲಹೆ ಇವಿಎ ಶೂ. ಹತ್ತು ಹನ್ನೆರಡು ಕಿಲೋ ಹೊತ್ತು ವಾರಗಟ್ಟಲೆ ನಡೆಯುವವರು ಮಾತ್ರ ಪಿಯು ಕೊಳ್ಳಲಿ, ಕೊಂಡರೆ ಬಿಡದೆ ಬಳಸಲಿ.

ಕೊಳ್ಳುವಾಗ ಬೆಲೆಯ ಚೀಟಿಗಿಂತ ಮೊದಲು ತಯಾರಿಕೆಯ ತಿಂಗಳು, ವರ್ಷ ನೋಡಬೇಕು. ಡಬ್ಬಿಯ ಮೇಲೆ ಅದು ಇರುತ್ತದೆ. ಎಷ್ಟೋ ಬೂಟುಗಳಲ್ಲಿ ನಾಲಿಗೆಯ ಒಳಬದಿಯ ಚೀಟಿಯಲ್ಲೂ ಇರುತ್ತದೆ. ಅರ್ಧ ಬೆಲೆಗೆ ಸಿಗುವ ಬೂಟು ಗೋದಾಮಿನಲ್ಲಿ ನಾಲ್ಕು ವರ್ಷ ಕೂತದ್ದಾಗಿದ್ದರೆ ಅದರ ಆಯುಸ್ಸಿನ ಅರ್ಧವೂ ಅಲ್ಲೇ ಕಳೆದಿರುತ್ತದೆ.

ಮಿಡ್‌ಸೋಲ್ ಗಟ್ಟಿಯಿದ್ದೂ ಅಟ್ಟೆ ಬಾಯಿ ಬಿಡುವುದುಂಟು. ಅಲ್ಲಿ ತಪ್ಪು ಅಂಟಿನದು. ಇಂದಿನ ಬಹುಪಾಲು ಬೂಟುಗಳ ತಳವನ್ನು ಬಿಸಿ ಮಾಡಿದ ಅಂಟಿನಿಂದ ಒತ್ತಿ ಕೂರಿಸಿರುತ್ತಾರೆ. ಹಳೆಯ ಕ್ರಮದಲ್ಲಿ ಮೇಲಿನ ಚರ್ಮದ ಸುತ್ತ ಒಂದು ಚರ್ಮದ ಪಟ್ಟಿ ಹೊಲಿದು, ಆ ಪಟ್ಟಿಗೆ ಅಟ್ಟೆಯನ್ನು ಹೊಲಿಯುತ್ತಿದ್ದರು. ಆ ಹೊಲಿಗೆಗೆ ಗುಡ್‌ಇಯರ್ ಹೆಸರು ಅಂಟಿರುವುದು ರಬ್ಬರನ್ನು ಗಂಧಕದೊಂದಿಗೆ ಹದಗೊಳಿಸುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಗುಡ್‌ಇಯರ್‌ರ ಮಗನಿಂದ; ಅದರ ಯಂತ್ರವನ್ನು ಬಳಕೆಗೆ ತಂದದ್ದು ಆ ಮಗ. ಹೊಲಿದ ಬೂಟಿನ ಅಟ್ಟೆ ಸವೆದರೆ ಬಿಚ್ಚಿ ಬೇರೆ ಹಾಕಬಹುದು. ಅಂಟಿನ ಬೂಟಿಗೂ ಹೊಸ ಅಟ್ಟೆ ಹಾಕಬಹುದು, ಆದರೆ ಅದಕ್ಕೆ ಬೇಕಾದ ಅಚ್ಚು, ಒತ್ತುವ ಯಂತ್ರ ಇರುವ ಕಡೆ ನಮ್ಮಲ್ಲಿ ಕಡಿಮೆ.

ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುವವರು ದಪ್ಪ ದಾರದಲ್ಲಿ ಬೂಟಿನ ಸುತ್ತ ಹಾಕಿಕೊಡುವ ಹೊಲಿಗೆಯನ್ನು ನಾನು ತುಂಬ ನಂಬುತ್ತೇನೆ. ಅಂಟು ಬಿಟ್ಟ ಅಟ್ಟೆಗೆ ಅದಕ್ಕಿಂತ ಭದ್ರವಾದ ರಿಪೇರಿ ಅಷ್ಟು ಕಡಿಮೆ ಹಣಕ್ಕೆ ಇನ್ನೊಂದಿಲ್ಲ. ಎರಡು ಮಾತು ಮಾತ್ರ ನೆನಪಿರಲಿ. ನೊರೆಯೇ ಪುಡಿಯಾಗಿದ್ದರೆ ದಾರ ಹಿಡಿಯುವುದಕ್ಕೆ ಏನೂ ಇರುವುದಿಲ್ಲ, ಹೊಲಿಸಿದ ದುಡ್ಡು ದಂಡ. ನೀರು ತಡೆಯುವ ಬೂಟಾದರೆ ಸೂಜಿಯ ತೂತುಗಳಿಂದ ನೀರು ಒಳಬರುತ್ತದೆ.

ಮೇಲ್ಭಾಗದ ವಿಷಯ ಇಷ್ಟು ಜಟಿಲವಲ್ಲ. ತೊಗಲಿನ ಹೊರಪದರ ಉಳಿಸಿಕೊಂಡ ಚರ್ಮ ಎಲ್ಲಕ್ಕಿಂತ ಗಟ್ಟಿ. ಆ ಪದರವನ್ನು ನವಿರಾಗಿ ಉಜ್ಜಿದ್ದು ನುಬಕ್. ಕೆಳಪದರದಿಂದ ಬರುವುದು ಸ್ವೀಡ್, ಬಲ ಸ್ವಲ್ಪ ಕಡಿಮೆ. ಬಟ್ಟೆಗೆ ಪ್ಲಾಸ್ಟಿಕ್ ಬಳಿದು ಚರ್ಮವೆಂದು ಮಾರುವುದು ಬೆರಳು ಮಡಚುವ ಜಾಗದಲ್ಲಿ ಬೇಗ ಸೀಳುತ್ತದೆ. ಅದೇ ಮಡಿಕೆಯ ಜಾಗದಲ್ಲಿ ಹೊಲಿಗೆಗಳು ಎಷ್ಟು ಕಡಿಮೆಯಿವೆಯೋ ಅಷ್ಟು ಒಳ್ಳೆಯದು. ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಬೂಟು ಬೆರಳುಗಳ ಬುಡದಲ್ಲಿ ಮಡಚಬೇಕು. ನಟ್ಟನಡುವೆ ಮಡಚಿದರೆ ಒಳಗೆ ಗಟ್ಟಿ ಹಲಗೆ ಇಲ್ಲವೆಂದು ಅರ್ಥ.

ನೀರು ತಡೆಯುವ ಒಳಪದರದ ಬಗ್ಗೆ ಅಂಗಡಿಯವರು ಹೆಚ್ಚು ಆಸೆ ಹುಟ್ಟಿಸುತ್ತಾರೆ. ಗೋರ್‌ಟೆಕ್ಸ್‌ನಂಥ ಪೊರೆಯಲ್ಲಿ ನೀರಿನ ಹನಿ ನುಸುಳಲಾರದ, ಆವಿ ನುಸುಳಬಲ್ಲ ಸೂಕ್ಷ್ಮ ರಂಧ್ರಗಳಿವೆ ಎಂಬುದು ನಿಜ. ಆದರೆ ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಹಿಮಾಲಯದ ತಣ್ಣನೆಯ ಒಣ ಗಾಳಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈಯ ಘಟ್ಟದಲ್ಲಿ ಹೊರಗಿನ ಗಾಳಿಯೇ ತೊಯ್ದಿರುತ್ತದೆ, ಬೆವರು ಒಳಗೇ ಉಳಿಯುತ್ತದೆ. ಮೊಣಕಾಲಿನವರೆಗೆ ಹಳ್ಳ ದಾಟುವಾಗ ಮೇಲಿನಿಂದ ನುಗ್ಗಿದ ನೀರನ್ನೂ ಆ ಪೊರೆ ಅಷ್ಟೇ ಭದ್ರವಾಗಿ ಹಿಡಿದಿಡುತ್ತದೆ. ನಮ್ಮ ಮಳೆಗಾಲದ ಕಾಡಿಗೆ ಬೇಗ ಒದ್ದೆಯಾಗಿ ಬೇಗ ಒಣಗುವ ಜಾಲರಿ ಬಟ್ಟೆಯ ಶೂ, ಇಂಬಳ ನುಸುಳದ ಉದ್ದನೆಯ ಕಾಲುಚೀಲ, ಇವೇ ಲೇಸು.

ಇನ್ನು ರಬ್ಬರು. 1935ರಲ್ಲಿ ಇಟಲಿಯ ಆಲ್ಪ್ಸ್‌ನ ಪುಂತಾ ರಾಸಿಕಾ ಶಿಖರದಲ್ಲಿ ಹವಾಮಾನ ಕೆಟ್ಟು ಆರು ಮಂದಿ ಪರ್ವತಾರೋಹಿಗಳು ತೀರಿಕೊಂಡರು. ಆಗಿನ ಕಾಲದಲ್ಲಿ ಮೊಳೆ ಹೊಡೆದ ಭಾರದ ಬೂಟಿನಲ್ಲಿ ಬುಡದವರೆಗೆ ನಡೆದು, ಬಂಡೆ ಹತ್ತುವಾಗ ಹಗುರ ಪಾದರಕ್ಷೆಗೆ ಬದಲಾಯಿಸಿಕೊಳ್ಳುತ್ತಿದ್ದರು. ಹಿಮದಲ್ಲಿ ಅದು ಯಾವ ಕೆಲಸಕ್ಕೂ ಬರಲಿಲ್ಲ. ಜೊತೆಗಿದ್ದ ವಿಟಾಲೆ ಬ್ರಮಾನಿ ಈ ಸಾವುಗಳ ನಂತರ ಬಂಡೆಗೂ ಹಿಮಕ್ಕೂ ಸಲ್ಲುವ ರಬ್ಬರ್ ಅಟ್ಟೆ ಮಾಡಲು ಹೊರಟು, ಟೈರ್ ತಯಾರಿಸುವ ಪಿರೆಲ್ಲಿಯವರ ನೆರವಿನಿಂದ 1937ರಲ್ಲಿ ಅದನ್ನು ಹೊರತಂದರು. ಅದೇ ವೈಬ್ರಮ್. 1954ರಲ್ಲಿ ಕೆ2 ಶಿಖರವನ್ನು ಮೊದಲು ಮುಟ್ಟಿದ ಇಟಲಿಯ ತಂಡದ ಬೂಟುಗಳಲ್ಲಿದ್ದದ್ದೂ ಆ ಅಟ್ಟೆಯೇ.

ರಬ್ಬರಿನಲ್ಲಿ ಬಾಳಿಕೆ ಮತ್ತು ಹಿಡಿತ ಒಂದನ್ನೊಂದು ಎಳೆದಾಡುತ್ತವೆ. ಗಡಸು ರಬ್ಬರು ಸವೆಯುವುದು ನಿಧಾನ, ಆದರೆ ಪಾಚಿ ಕಟ್ಟಿದ ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಮೆದು ರಬ್ಬರು ಬಂಡೆಯ ಉಬ್ಬುತಗ್ಗುಗಳಿಗೆ ಒತ್ತಿಕೊಂಡು ಹಿಡಿಯುತ್ತದೆ, ಒರಟು ಕಲ್ಲಿನ ದಾರಿಯಲ್ಲಿ ಬೇಗ ಕರಗುತ್ತದೆ. ಹತ್ತು ವರ್ಷವಾದರೂ ಹಲ್ಲು ಸವೆದಿಲ್ಲವೆಂದು ಹೊಗಳಿಸಿಕೊಳ್ಳುವ ಬೂಟಿನಲ್ಲಿ ಜಲಪಾತದ ಬಂಡೆಗಳ ಮೇಲೆ ಕಾಲಿಡಲು ನಾನು ಯಾರಿಗೂ ಹೇಳಲಾರೆ. ವಯಸ್ಸಾದ ರಬ್ಬರು ಇನ್ನಷ್ಟು ಗಡುಸಾಗಿರುತ್ತದೆ. ಸವೆಯುವ ಅಟ್ಟೆ ತನ್ನ ಕೆಲಸ ಮಾಡುತ್ತಿದೆ.

ಒದ್ದೆ ಬೂಟನ್ನು ಒಲೆಯ ಮುಂದೆ, ಶಿಬಿರದ ಬೆಂಕಿಯ ಪಕ್ಕ ಒಣಗಿಸುವುದನ್ನು ಮೊದಲು ಬಿಡಬೇಕು. ಬಿಸಿಯಿಂದ ಕೂರಿಸಿದ ಅಂಟು ಬಿಸಿಗೇ ಸಡಿಲಾಗುತ್ತದೆ, ಒದ್ದೆ ಚರ್ಮ ಸೆಟೆದು ಬಿರಿಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೂ ಅಷ್ಟೇ ಕೆಟ್ಟದ್ದು. ಕೆಸರು ತೊಳೆದು, ಮೆತ್ತೆ ಹೊರತೆಗೆದು, ಒಳಗೆ ಹಳೆಯ ದಿನಪತ್ರಿಕೆ ತುರುಕಿ, ಕಾಗದ ತೊಯ್ದ ಹಾಗೆ ಬದಲಾಯಿಸುತ್ತಾ ಫ್ಯಾನಿನ ಕೆಳಗೆ ಇಟ್ಟರೆ ಸಾಕು. ಆಮೇಲೆ ಗಾಳಿಯಾಡುವ ಕಪಾಟಿನಲ್ಲಿಡಿ, ತಿಂಗಳಿಗೊಮ್ಮೆ ಹಾಕಿಕೊಂಡು ಪೇಟೆಗೆ ಹೋಗಿ ಬನ್ನಿ.

ದೊಡ್ಡ ಚಾರಣಕ್ಕೆ ಒಂದು ತಿಂಗಳು ಮುಂಚೆ ಹಳೆಯ ಜೋಡಿಯನ್ನು ಹೊರತೆಗೆದು ಮಿಡ್‌ಸೋಲಿನ ಪಕ್ಕವನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ. ಉಗುರಿನ ಗುರುತು ಹಾಗೇ ಉಳಿದರೆ, ಕೈಗೆ ಅಂಟಂಟಾದರೆ, ಬಗ್ಗಿಸಿದಾಗ ಕೂದಲೆಳೆಯ ಬಿರುಕುಗಳು ಕಂಡರೆ ಆ ಜೋಡಿಯ ಕತೆ ಮುಗಿದಿದೆ. ಏನೂ ಕಾಣದಿದ್ದರೂ ಚೀಲಕ್ಕೆ ಭಾರ ತುಂಬಿಕೊಂಡು ಅದೇ ಬೂಟಿನಲ್ಲಿ ಮನೆಯ ಹತ್ತಿರ ಹತ್ತು ಕಿಲೋಮೀಟರು ನಡೆಯಿರಿ. ಕಳಚುವುದಿದ್ದರೆ ಆಟೋ ಸಿಗುವ ಕಡೆ ಕಳಚಲಿ. ಚೀಲದಲ್ಲಿ ನಾಲ್ಕು ಉದ್ದನೆಯ ಕೇಬಲ್ ಟೈ, ನೀರಿನ ಬಾಟಲಿಗೆ ಸುತ್ತಿದ ಒಂದಿಷ್ಟು ದಪ್ಪ ಟೇಪು ಇರಲಿ. ಅಟ್ಟೆ ಬಾಯಿಬಿಟ್ಟರೆ ಕೇಬಲ್ ಟೈಯನ್ನು ರಬ್ಬರ್ ಹಲ್ಲುಗಳ ನಡುವಿನ ಸಂದಿನಲ್ಲಿ ಕೂರುವಂತೆ ಸುತ್ತಿ ಲೇಸಿನ ಮೇಲೆ ಬಿಗಿಯಬೇಕು. ಹಲ್ಲಿನ ಮೇಲೆಯೇ ಸುತ್ತಿದರೆ ನಡೆದ ಹಾಗೆ ಕಲ್ಲಿಗೆ ಉಜ್ಜಿ ತುಂಡಾಗುತ್ತದೆ.