ತಣ್ಣಗುಳಿದ ತುತ್ತಿನ ಹುಡುಕಾಟ

ಮೈಕ್ರೋವೇವ್ ಓವನ್‌ನಲ್ಲಿ ರಾತ್ರಿಯ ಅನ್ನ ಬಿಸಿ ಮಾಡಿದವರಿಗೆಲ್ಲ ಗೊತ್ತು: ಅಂಚಿನದು ಬಾಯಿ ಸುಡುತ್ತದೆ, ನಡುವಿನದು ತಣ್ಣಗೇ ಇರುತ್ತದೆ. ಮನೆಯಲ್ಲಾದರೆ ಕಲಸಿ ಮತ್ತೊಮ್ಮೆ ಇಡಬಹುದು. ಮೊಹರು ಮಾಡಿದ ಪೊಟ್ಟಣದೊಳಗೆ ಕೈ ಹಾಕಿ ಕಲಸುವುದು ಹೇಗೆ? ತಣ್ಣಗುಳಿದ ಒಂದೇ ತುತ್ತಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯದ ಬೀಜಕಗಳು ಬದುಕಿಬಿಟ್ಟರೆ, ಕಪಾಟಿನಲ್ಲಿಟ್ಟ ಊಟ ಪ್ರಾಣ ತೆಗೆಯುವ ವಿಷವಾದೀತು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜುಮಿಂಗ್ ಟಾಂಗ್ ಮತ್ತು ಅವರ ತಂಡ ವರ್ಷಗಟ್ಟಲೆ ಬೆನ್ನು ಹತ್ತಿದ್ದು ಆ ಒಂದು ತುತ್ತನ್ನು.

 

ಊಟವನ್ನು ಕೆಡದಂತೆ ಪೊಟ್ಟಣದಲ್ಲಿಡುವ ಹಳೆಯ ದಾರಿ ರಿಟಾರ್ಟ್, ಅಂದರೆ ಕಾರ್ಖಾನೆ ಗಾತ್ರದ ಪ್ರೆಶರ್ ಕುಕ್ಕರ್. 1961ರಲ್ಲಿ ಶುರುವಾದ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗಾಗಿ ರೂಪಿಸಿದ ರೆಡಿ ಊಟದ ಪೊಟ್ಟಣಗಳು ಈ ಜಾತಿಯವು. ಪೊಟ್ಟಣದ ಅತ್ಯಂತ ತಣ್ಣನೆಯ ಜಾಗವೂ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3 ನಿಮಿಷ ಇದ್ದಷ್ಟು ಶಾಖ ಉಣ್ಣಬೇಕು ಎಂಬುದು ಲೆಕ್ಕ. ತೊಂದರೆ ಏನೆಂದರೆ ಶಾಖ ಹೊರಗಿನಿಂದ ಒಳಕ್ಕೆ ಇಂಗುತ್ತಾ ಹೋಗಬೇಕು. ನಡುಭಾಗ ಕಾಯುವ ಹೊತ್ತಿಗೆ ಹೊರಭಾಗ ಬೆಂದು ಮುದ್ದೆಯಾಗಿ, ಬಣ್ಣ ರುಚಿ ಎರಡೂ ಕೆಟ್ಟಿರುತ್ತವೆ.

ಮೈಕ್ರೋವೇವ್ ಅಲೆಗಳು ನೇರ ಒಳಗೆ ನುಗ್ಗುತ್ತವೆ, ನಿಮಿಷಗಳಲ್ಲೇ ಕಾಯಿಸುತ್ತವೆ. ಆದರೆ ಟಾಂಗ್ ತಂಡದ ಹೆಚ್ಚುಗಾರಿಕೆ ಈ ವೇಗವಲ್ಲ. ವೇಗ ಅಲೆಗಳ ಗುಣದಲ್ಲೇ ಇತ್ತು. ಎಲ್ಲಿ ಕಡಿಮೆ ಕಾಯುತ್ತದೆ ಎಂದು ಮೊದಲೇ ಹೇಳಬಲ್ಲ ಯಂತ್ರ ಕಟ್ಟಿದ್ದು ಅವರ ನಿಜವಾದ ಕೆಲಸ. ಮನೆಯ ಓವನ್ನು 2450 ಮೆಗಾಹರ್ಟ್ಸ್ ಬಳಸುತ್ತದೆ. ಇವರು ಹಿಡಿದದ್ದು 915 ಮೆಗಾಹರ್ಟ್ಸ್. ಗಾಳಿಯಲ್ಲಿ ಇದರ ಅಲೆಯುದ್ದ ಸುಮಾರು 33 ಸೆಂಟಿಮೀಟರ್, ಓವನ್ನಿನದು 12. ಉದ್ದದ ಅಲೆ ಆಹಾರದೊಳಗೆ ಹೆಚ್ಚು ಆಳಕ್ಕಿಳಿಯುತ್ತದೆ. ಮೇಲಾಗಿ ಊಟದ ತಟ್ಟೆ ಹಿಡಿಸುವಷ್ಟು ದೊಡ್ಡ ಗೂಡಿನಲ್ಲೂ ಅಲೆಗಳನ್ನು ಒಂದೇ ವಿನ್ಯಾಸದಲ್ಲಿ ನಿಲ್ಲಿಸಬಹುದು. ವಿನ್ಯಾಸ ಒಂದೇ ಆದರೆ ತಣ್ಣನೆಯ ಜಾಗವೂ ಪ್ರತಿ ಸಲ ಅಲ್ಲೇ. ಇನ್ನು ಅಂಚು ಸುಡುವ ಪೀಡೆ. ಅದಕ್ಕೆ ಮೊಹರಾದ ಪೊಟ್ಟಣಗಳನ್ನು ಒತ್ತಡದಲ್ಲಿರುವ ಬಿಸಿನೀರಿನಲ್ಲಿ ಮುಳುಗಿಸಿಯೇ ಅಲೆಗಳಡಿ ಸಾಗಿಸಿದರು.

ಇಷ್ಟಾದರೂ ತಣ್ಣನೆಯ ಜಾಗವನ್ನು ಕಣ್ಣಾರೆ ಕಂಡವರು ಯಾರು? ನನಗೆ ಬಹಳ ಹಿಡಿಸಿದ್ದು ಇದಕ್ಕೆ ಅವರು ಹೂಡಿದ ಉಪಾಯ. ಹಾಲಿನ ವ್ಹೇ ಪ್ರೋಟೀನಿನ ಗಟ್ಟಿ ಜೆಲ್‌ಗೆ ರೈಬೋಸ್ ಎಂಬ ಸಕ್ಕರೆ ಬೆರೆಸಿ ಅಣಕು ಊಟ ಮಾಡಿದರು. ಶಾಖ ಉಂಡಷ್ಟೂ ಅದು ಕಂದು ತಿರುಗುತ್ತದೆ. ಯಂತ್ರದಿಂದ ಹೊರಬಂದ ಮೇಲೆ ಕೊಯ್ದು, ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣದ ನಕ್ಷೆ ಮಾಡಿದರೆ ಬಿಳಿಚಿಕೊಂಡ ಭಾಗವೇ ಕಳ್ಳ. ಮುಂದಿನ ಪರೀಕ್ಷೆಗಳಲ್ಲಿ ಉಷ್ಣಮಾಪಕದ ಮೊನೆ ಸರಿಯಾಗಿ ಅಲ್ಲಿಗೇ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2009ರಲ್ಲಿ ಈ ವಿಧಾನವನ್ನು ಒಪ್ಪಿಕೊಂಡಿತು. ಮೊದಲು ಪಾಸಾದದ್ದು ತಟ್ಟೆಯಲ್ಲಿ ತುಂಬಿದ ಹಿಸುಕಿದ ಆಲೂಗಡ್ಡೆ! ನಗಬೇಡಿ, ಎಲ್ಲ ಕಡೆಯೂ ಒಂದೇ ಸಮನಾಗಿರುವ ತಿನಿಸು ಅದು. ಲೆಕ್ಕ ತಪ್ಪುವ ಸಂಭವ ಕಡಿಮೆ. ಸಾಸಿನಲ್ಲಿ ಮುಳುಗಿದ ಸಾಲ್ಮನ್ ಮೀನಿನ ತುಂಡಿಗೆ ಒಪ್ಪಿಗೆ ಸಿಕ್ಕಿದ್ದು ಆಮೇಲೆ. ತಂತ್ರಜ್ಞಾನ 915 ಲ್ಯಾಬ್ಸ್ ಎಂಬ ಕಂಪನಿಯ ಮೂಲಕ ಕಾರ್ಖಾನೆಗಳಿಗೆ ಹೋಯಿತು. ಟಾಟಾ ಸಮೂಹ ಆಂಧ್ರದ ಶ್ರೀಸಿಟಿಯಲ್ಲಿ ಇದೇ ವಿಧಾನದ ಘಟಕ ಹಾಕಿ, ‘ಟಾಟಾ ಕ್ಯೂ’ ಹೆಸರಿನ ಊಟಗಳನ್ನು ಮಾರುಕಟ್ಟೆಗೆ ಬಿಟ್ಟಿತು.

ಒಂದು ಗಂಟು ಬಿಚ್ಚಿದರೆ ಇನ್ನೊಂದು. ಲೋಹ ಅಲೆಗಳನ್ನು ವಾಪಸು ಕಳಿಸುವುದರಿಂದ ತಗಡಿನ ಡಬ್ಬಿ, ಅಲ್ಯೂಮಿನಿಯಂ ಹಾಳೆಯ ಪೊಟ್ಟಣ ಎರಡೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪ್ಲಾಸ್ಟಿಕ್ಕೇ ಗತಿ. ಆದರೆ ಪ್ಲಾಸ್ಟಿಕ್ ಮೂಲಕ ಆಮ್ಲಜನಕ ನಿಧಾನವಾಗಿ ಒಳಗೆ ಸೇರಿ ಜಿಡ್ಡಿನ ರುಚಿ ಕೆಡಿಸುತ್ತದೆ. ಹಾಗಾಗಿ ಅಲೆಗಳ ಅಧ್ಯಯನಕ್ಕೆಂದು ಸೇರಿದ ತಂಡ ಹಲವು ಪದರಗಳ ಪ್ಲಾಸ್ಟಿಕ್ ಹಾಳೆಗಳನ್ನೂ ಪರೀಕ್ಷಿಸುತ್ತಾ ಕೂರಬೇಕಾಯಿತು.