ಬೋಳು ಚಾಸಿಯ ಮೇಲೊಬ್ಬ ಚಾಲಕ

ನಾವು ಚಿಕ್ಕವರಿದ್ದಾಗ ತುಮಕೂರು ರಸ್ತೆಯಲ್ಲಿ ಆಗಾಗ ಒಂದು ವಿಚಿತ್ರ ವಾಹನ ಹಾದುಹೋಗುತ್ತಿತ್ತು. ಬಾಗಿಲಿಲ್ಲ, ಚಾವಣಿಯಿಲ್ಲ, ಮುಂದೆ ಗಾಜೂ ಇಲ್ಲ. ಒಂದು ಎಂಜಿನ್, ಉದ್ದನೆಯ ಎರಡು ಉಕ್ಕಿನ ತೊಲೆ, ಚಕ್ರ, ಸ್ಟಿಯರಿಂಗ್. ತಲೆಗೆ ಟವೆಲ್ ಸುತ್ತಿ, ಧೂಳಿಗೆ ಕನ್ನಡಕ ಹಾಕಿ, ಹೇಗೋ ಕಟ್ಟಿದ ಸೀಟಿನ ಮೇಲೆ ಚಾಲಕ ಕೂತಿರುತ್ತಿದ್ದ. ಅದು ಕಾರ್ಖಾನೆಯಿಂದ ಆಗಷ್ಟೇ ಹೊರಬಂದ ಹೊಸ ಲಾರಿ! ಬಿಸಿಲು ಮಳೆಯಲ್ಲಿ ನೂರಾರು ಮೈಲಿ ಹೀಗೇ ಓಡಿ ಬಾಡಿ ಕಟ್ಟುವ ಶೆಡ್ಡು ಸೇರಬೇಕು. ಅಲ್ಲಿ ಬಡಗಿ ಮರದ ಕ್ಯಾಬಿನ್ ಕಟ್ಟುತ್ತಿದ್ದ, ಅದಕ್ಕೆ ತಗಡು ಹೊದಿಸುತ್ತಿದ್ದರು, ಕೊನೆಗೆ ಪೇಂಟರ್ ಬಂದು ‘ತಾಯಿಯ ಆಶೀರ್ವಾದ’ ಬರೆಯುತ್ತಿದ್ದ.

ಈ ಉದ್ಯಮದ ಬೇರು ಎರಡು ಊರುಗಳಲ್ಲಿದೆ. ಜಮ್‌ಶೆಡ್‌ಪುರದ ಟಾಟಾ ಕಂಪನಿ ಟೆಲ್ಕೊ 1945ರಲ್ಲಿ ಹುಟ್ಟಿದ್ದು ರೈಲು ಎಂಜಿನ್ನಿಗಾಗಿ. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿಗೆ ಕೈಹಾಕಿತು. 1969ರಲ್ಲಿ ಒಪ್ಪಂದ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂದರೂ ನಮ್ಮ ಕಡೆ ಅದು ‘ಟಾಟಾ ಬೆಂಜ್’ ಆಗಿಯೇ ಉಳಿಯಿತು. ಇನ್ನೊಂದು ಊರು ಮದ್ರಾಸಿನ ಎಣ್ಣೂರು. ರಘುನಂದನ್ ಸರನ್ 1948ರಲ್ಲಿ ಮಗನ ಹೆಸರಿಟ್ಟು ಸ್ಥಾಪಿಸಿದ ಅಶೋಕ್ ಮೋಟಾರ್ಸ್ ಮೊದಲು ಆಸ್ಟಿನ್ ಕಾರು ಜೋಡಿಸುತ್ತಿತ್ತು. 1955ರಲ್ಲಿ ಅಶೋಕ್ ಲೈಲ್ಯಾಂಡ್ ಆಯಿತು.

ಈ ಎರಡೂ ಊರಿನ ಲಾರಿಗಳಿಗೆ ಹೆಸರು ತಂದುಕೊಟ್ಟದ್ದು ಗಟ್ಟಿತನ. ಹೊಂಡ ಬಿದ್ದ ರಸ್ತೆ, ಮಿತಿ ಮೀರಿದ ಲೋಡು ಎರಡನ್ನೂ ತಾಳಬೇಕು. ನಡುದಾರಿಯಲ್ಲಿ ನಿಂತರೆ ಹತ್ತಿರದ ಹಳ್ಳಿಯ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸುವಂತಿರಬೇಕು. ಎಂಬತ್ತರ ದಶಕದಲ್ಲಿ ಟೊಯೊಟಾ, ನಿಸ್ಸಾನ್, ಮಿತ್ಸುಬಿಷಿ, ಮಾಜ್ದಾಗಳ ನೆರವಿನಿಂದ ನಾಜೂಕಾದ ಮಿನಿ ಲಾರಿಗಳು ಬಂದಾಗ ಟಾಟಾ ಕಥೆ ಮುಗಿಯಿತು ಅಂದವರಿದ್ದರು. 1986ರಲ್ಲಿ ಬಂದ ಟಾಟಾ 407 ಅವರಿಗೆ ಉತ್ತರ ಕೊಟ್ಟಿತು. ಡಿಸಿಎಂ ಟೊಯೊಟಾ, ಆಲ್ವಿನ್ ನಿಸ್ಸಾನ್ ಕಣ್ಮರೆಯಾದವು. 407 ಇಂದಿಗೂ ತರಕಾರಿ ಹೊರುತ್ತಿದೆ. 2005ರ ಟಾಟಾ ಏಸ್ ಇನ್ನೂ ಕೆಳಗಿಳಿದು, ಎರಡೇ ಸಿಲಿಂಡರಿನ ಎಂಜಿನ್ನಿನಲ್ಲಿ ಓಣಿ ಓಣಿ ಹೊಕ್ಕಿತು. ಅದರ ಹಿಂದಿನ ವರ್ಷವೇ ಟಾಟಾ, ಕೊರಿಯಾದ ದೇವೂ ಲಾರಿ ಕಂಪನಿಯನ್ನು ಕೊಂಡಿತ್ತು. ಒಂದು ಕಾಲಕ್ಕೆ ಪರದೇಶದ ನಕ್ಷತ್ರ ಹೊತ್ತು ಓಡಿದವರ ಪಾಲಿಗೆ ಇದು ಸಣ್ಣ ದಾರಿಯಲ್ಲ.

ಆದರೂ ‘ಗಟ್ಟಿ ಲಾರಿ’ ಎಂದು ಹೊಗಳುವಾಗ ಅದರೊಳಗೆ ಕೂತವನನ್ನು ಬಹುಕಾಲ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಪಕ್ಕದಲ್ಲೇ ಕಾದ ಎಂಜಿನ್. ಢಿಕ್ಕಿಯಾದರೆ ಮರದ ಕ್ಯಾಬಿನ್ ಬೆಂಕಿಪೊಟ್ಟಣದಂತೆ ನಜ್ಜುಗುಜ್ಜು. ಈ ನೋವು ನನ್ನನ್ನು ಬಿಟ್ಟಿಲ್ಲ. 1998ರಲ್ಲಿ ನಮ್ಮ ಹೊಸಕೋಟೆಯಲ್ಲಿ ಕಾರ್ಖಾನೆ ತೆರೆದ ವೋಲ್ವೊ, ಲಾರಿಯ ಕ್ಯಾಬಿನ್ ಚಾಲಕನಿಗೆ ಹಿತವಾಗಿಯೂ ಇರಬಹುದೆಂದು ತೋರಿಸಿತು. ಮುಂದೆ ಅದರ ಬಸ್ಸು ಎಷ್ಟು ಹಬ್ಬಿತೆಂದರೆ, ಯಾವ ಕಂಪನಿಯ ಐಷಾರಾಮಿ ಬಸ್ಸಾದರೂ ನಮ್ಮ ಜನರ ಬಾಯಲ್ಲಿ ‘ವೋಲ್ವೊ’. ಕ್ರಮೇಣ ದೇಶದ ಕಂಪನಿಗಳಲ್ಲೂ ಉಕ್ಕಿನ ಕ್ಯಾಬಿನ್ ಕಾರ್ಖಾನೆಯೊಳಗೇ ಕೂರತೊಡಗಿತು. ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾದದ್ದು 2025ರಲ್ಲಿ.

ಮೊನ್ನೆ ಡಾಬಸ್‌ಪೇಟೆಯ ಟೀ ಅಂಗಡಿಯ ಮುಂದೆ ಹೊಸ ಲಾರಿಯ ಚಾಲಕರೊಬ್ಬರು, ‘ಹತ್ತಿ ನೋಡಿ ಸಾರ್’ ಎಂದು ಕೈಕೊಟ್ಟು ಮೇಲೆಳೆದುಕೊಂಡರು. ಸೀಟಿನ ಹಿಂದೆ ಮಲಗಲು ಹಾಸಿಗೆ, ಅದರ ಮೇಲೆ ಮಡಿಸಿಟ್ಟ ಕಂಬಳಿ. ‘ರಾತ್ರಿ ಚಳಿ ಆಗುತ್ತೆ’ ಎಂದರು.